ದೇವತಾಸಾನ್ನಿಧ್ಯದ ಉದ್ವಾಸನ: ಕಾಫಿಮಲೆಗಳ ಕೆಲವು ನಿದರ್ಶನಗಳು

ದೇವಾಲಯವನ್ನು ಕಟ್ಟುವ ಕ್ರಮವನ್ನೂ ವಿಗ್ರಹವನ್ನು ಪ್ರತಿಷ್ಠಿಸುವ ಕ್ರಮವನ್ನೂ ತಿಳಿಸುವ ಗ್ರಂಥಗಳು ನಮ್ಮಲ್ಲಿ ಹೇರಳವಾಗಿರುವುವು. ಪ್ರತಿಷ್ಠಿತವಾದ ದೇವತೆಯನ್ನು ವಿಗ್ರಹದಿಂದ ಬೀಳ್ಕೊಟ್ಟು, ಆ ಶಿಲೆಯನ್ನು ಬರಿಯ ಶಿಲೆಯನ್ನಾಗಿಯೂ ಆ ಸ್ಥಳವನ್ನು ಬರಿಯ ನೆಲವನ್ನಾಗಿಯೂ ಮಾಡುವ ವಿಧಿಯನ್ನು ಕುರಿತು ಬರೆದವರು ವಿರಳ. ವಿಷಯವು ಅಮಂಗಳವೆಂದು ಪಂಡಿತರು ಅದನ್ನು ಮುಟ್ಟದೆ ಬಿಟ್ಟಿರಬಹುದು. ಆದರೆ ಚಿಕ್ಕಮಗಳೂರು, ಮೂಡಿಗೆರೆ, ಕಳಸ ಈ ಸೀಮೆಗಳಲ್ಲಿ ಕಾಫಿಯ ಗಿಡಗಳ ನಡುವೆ ಹಾಳುಬಿದ್ದಿರುವ ಗುಡಿ, ಬಸದಿ, ಬನಗಳನ್ನು ಕಂಡವರಿಗೆ ಇದು ಕೇವಲ ಗ್ರಂಥಚರ್ಚೆಯಲ್ಲವೆಂಬುದು ವಿದಿತವೇ ಆಗಿದೆ. ರಸ್ತೆಯನ್ನು ಅಗಲಮಾಡುವಾಗ, ತೋಟವು ಕೈಬದಲಾದಾಗ, ಹಳೆಯ ಗುಡಿಯನ್ನು ಕೆಡವಿ ಹೊಸದನ್ನು ಕಟ್ಟುವಾಗ, ‘ಈ ಕಲ್ಲನ್ನು ಏನು ಮಾಡತಕ್ಕದ್ದು?’ ಎಂಬ ಪ್ರಶ್ನೆ ಹುಟ್ಟುವುದು. ಉತ್ತರವನ್ನು ವಿಚಾರಿಸದೆ ಹೊಳೆಗೆ ಬಿಡುವುದು ಸುಲಭ. ಹಾಗೆ ಹೊಳೆಗೆ ಹೋದ ಕಲ್ಲಿನೊಡನೆ ಅದರ ಮೇಲಿದ್ದ ಅಕ್ಷರಗಳೂ ಹೋಗುವುವು. ಆದುದರಿಂದ ಶಾಸ್ತ್ರವು ಈ ವಿಷಯದಲ್ಲಿ ಏನನ್ನು ವಿಧಿಸುವುದು, ಏನನ್ನು ವಿಧಿಸುವುದಿಲ್ಲ ಎಂಬುದನ್ನು ಇಲ್ಲಿ ಸಾಧ್ಯವಾದಷ್ಟು ಸ್ಪಷ್ಟಪಡಿಸಲಾಗುವುದು.

ಮೊದಲು ಶಬ್ದವಿಚಾರ. ಪವಿತ್ರವಾದುದನ್ನು ಅಪವಿತ್ರಗೊಳಿಸುವುದು ಎಂಬರ್ಥದ ಮಾತು ನಮ್ಮ ಶಾಸ್ತ್ರಗಳಲ್ಲಿ ದೋಷವಾಚಕವೇ ಹೊರತು ವಿಧಿವಾಚಕವಲ್ಲ. ವಿಧಿಯಾಗಿ ಬರುವ ಮಾತುಗಳು ಬೇರೆ: ವಿಸರ್ಜನ, ಉದ್ವಾಸನ, ಸಂಕೋಚ, ಕಲಾಕರ್ಷಣ. ಇವುಗಳಲ್ಲಿ ಯಾವುದಕ್ಕೂ ‘ಪಾವಿತ್ರ್ಯವನ್ನು ಅಳಿಸುವುದು’ ಎಂಬ ಅರ್ಥವಿಲ್ಲ. ವಿಸರ್ಜನವೆಂದರೆ ಕಳುಹಿಸಿಕೊಡುವುದು; ಉದ್ವಾಸನವೆಂದರೆ ಇದ್ದ ನೆಲೆಯಿಂದ ಎಬ್ಬಿಸಿ ಹೊರಡಿಸುವುದು; ಸಂಕೋಚವೆಂದರೆ ಹರಡಿದ್ದ ಚೈತನ್ಯವನ್ನು ಒಂದೆಡೆಗೆ ಕುಗ್ಗಿಸುವುದು; ಕಲಾಕರ್ಷಣವೆಂದರೆ ದೇವತೆಯ ಕಲೆಗಳನ್ನು ಒಂದು ಆಶ್ರಯದಿಂದ ಸೆಳೆದು ಇನ್ನೊಂದರಲ್ಲಿ ಇರಿಸುವುದು. ನಾಲ್ಕರಲ್ಲಿಯೂ ದೇವತೆಯು ಎಲ್ಲಿಗೋ ಹೋಗುವುದೇ ಹೊರತು ಇಲ್ಲವಾಗುವುದಿಲ್ಲ. ಈ ಒಂದು ಅಂಶವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಪ್ರಾರ್ಥನೆ. ಮುಂದಣ ವಿಚಾರವೆಲ್ಲವೂ ಇದನ್ನೇ ಅವಲಂಬಿಸಿರುವುದು.

ಉದ್ವಾಸನವು ಅಪರೂಪವಾದ ಕರ್ಮವೆಂದು ಭಾವಿಸಬೇಕಾಗಿಲ್ಲ. ಭಾದ್ರಪದ ಶುದ್ಧ ಚೌತಿಯ ದಿನ ಮಣ್ಣಿನ ಗಣಪತಿಯನ್ನು ಪೂಜಿಸುವ ಪ್ರತಿಯೊಂದು ಮನೆಯಲ್ಲಿಯೂ ಅದು ನಡೆಯುತ್ತದೆ. ಪೂಜೆಯ ಕೊನೆಗೆ ಪುನರಾಗಮನವನ್ನು ಬೇಡಿ, ಅಕ್ಷತೆಯನ್ನಿಟ್ಟು, ಮೂರ್ತಿಯನ್ನು ಕೊಂಚ ಉತ್ತರದ ಕಡೆಗೆ ಸರಿಸುತ್ತಾರೆ. ಅಂಗುಲಮಾತ್ರವಾದ ಆ ಸರಿಸುವಿಕೆಯೇ ಉದ್ವಾಸನ. ಕೆರೆಗೆ ಬಿಡುವುದು ತರುವಾಯದ ಮಾತು; ಕೆರೆಗೆ ಬಿಡುವ ಹೊತ್ತಿಗೆ ಅದು ಮಣ್ಣು. ಕೆಲವರು ನೀರಿಗೆ ಬಿಡುವುದನ್ನೇ ವಿಸರ್ಜನವೆಂದು ತಿಳಿದು, ಮನೆಯಲ್ಲಿ ಉದ್ವಾಸನವನ್ನು ಮಾಡದೆಯೇ ಮೆರವಣಿಗೆಯನ್ನು ಹೊರಡಿಸುವರು. ಕ್ರಮವು ತಲೆಕೆಳಗಾಯಿತು. ನೀರು ದೇವತೆಯನ್ನು ಕಳುಹಿಸಲಾರದು, ಕಳುಹಿಸುವುದು ಪ್ರಾರ್ಥನೆ.

ವೇದಕಾಲದಲ್ಲಿ ಸ್ಥಿರವಾದ ದೇವಾಲಯವಿರಲಿಲ್ಲ. ಯಜ್ಞಭೂಮಿಯು ಕರ್ಮಕ್ಕೋಸ್ಕರ ಉಂಟಾಗಿ ಕರ್ಮದೊಡನೆ ಮುಗಿಯುವಂಥದು. ಸೋಮಯಾಗದ ಕೊನೆಯಲ್ಲಿ ಅವಭೃಥವೆಂಬ ಸ್ನಾನವುಂಟಷ್ಟೆ; ಆಗ ಸೋಮರಸವು ಸೋಕಿದ ಪಾತ್ರೆಗಳನ್ನು ನೀರಿಗೆ ಬಿಡುವರು. ವೇದಿಯ ಮೇಲೆ ಹಾಸಿದ್ದ ದರ್ಭೆಯನ್ನು ಸುಡುವರು. ಯಜಮಾನನು ಅಗ್ನಿಗಳನ್ನು ಅರಣಿಗಳಲ್ಲಿ ಸಮಾರೋಪಮಾಡಿಕೊಂಡು, ಅಂದರೆ ಉರಿಯುವ ಬೆಂಕಿಯನ್ನು ಕಾಷ್ಠದೊಳಗೆ ಅಡಗಿಸಿಕೊಂಡು, ಆ ಸ್ಥಳವನ್ನು ಬಿಟ್ಟು ಹೊರಡುವನು. ಹೊರಟಮೇಲೆ ಮಾಡುವ ಇಷ್ಟಿಗೆ ಉದವಸಾನೀಯಾ ಎಂದೇ ಹೆಸರು. ಆಗಮಗಳ ಕಲಾಕರ್ಷಣಕ್ಕೆ ಬೀಜವು ಈ ಸಮಾರೋಪದಲ್ಲಿಯೇ ಇರುವುದೆಂದು ನನಗೆ ತೋರುವುದು. ಅರಣಿಯ ಸ್ಥಾನದಲ್ಲಿ ಕುಂಭವು ಬಂದಿತು, ಅಷ್ಟೆ.

ಯಜ್ಞವು ಮುಗಿದ ಮೇಲೆ ಉಳಿದ ಯೂಪವಾದರೋ ವಿಚಿತ್ರವಾದ ಸ್ಥಿತಿಯಲ್ಲಿರುವುದು. ಕರ್ಮಕಾಲದಲ್ಲಿ ತುಪ್ಪವನ್ನು ಹಚ್ಚಿ ಪೂಜಿಸಿದ ಅದೇ ಕಂಭವನ್ನು ತರುವಾಯ ಮುಟ್ಟಿದರೆ ಸ್ನಾನಮಾಡತಕ್ಕದ್ದೆಂದು ಬೌಧಾಯನ ಧರ್ಮಸೂತ್ರವು ವಿಧಿಸುವುದು. ಅಗ್ನಿಚಯನದ ಚಿತಿಗೂ ಇದೇ ನಿಯಮ. ಪವಿತ್ರತೆಯು ಹೋದ ವಸ್ತುವು ಒಡನೆಯೇ ಸಾಧಾರಣವಸ್ತುವಾಗಿಬಿಡುವುದಿಲ್ಲವೆಂಬುದಕ್ಕೆ ಇದು ಪ್ರಾಚೀನವಾದ ಪ್ರಮಾಣ. ಚಿಕ್ಕಮಗಳೂರಿಗೆ ಸೇರಿಕೊಂಡಿರುವ ಹಿರೇಮಗಳೂರಿನಲ್ಲಿ ಜನಮೇಜಯನ ಸರ್ಪಯಾಗದ ಯೂಪವೆಂದು ಜನರು ಹೇಳುವ ಒಂದು ಶಿಲಾಸ್ತಂಭವಿದೆ. ಹಾವು ಕಚ್ಚಿದವರು ಅದನ್ನು ಪ್ರದಕ್ಷಿಣೆಮಾಡಿ ಅಲ್ಲಿಯ ಕೊಳದಲ್ಲಿ ಮಿಂದರೆ ವಿಷವಿಳಿಯುವುದೆಂಬ ನಂಬಿಕೆಯು ಹಿಂದಿನಿಂದ ಬಂದಿದೆ. ಸೂತ್ರಕಾರನು ದೂರವಿರಿಸಿದ್ದನ್ನು ಜನರು ಹತ್ತಿರಮಾಡಿಕೊಂಡರು. ಎರಡರಲ್ಲಿಯೂ ಸ್ನಾನವು ಮಾತ್ರ ಉಳಿದಿರುವುದು ಗಮನಿಸತಕ್ಕ ವಿಷಯ.

ಇನ್ನು ಆಗಮ ಮತ್ತು ಪುರಾಣಗಳ ಮಾತು. ಸ್ಥಿರಪ್ರತಿಷ್ಠೆಯಾದ ಬಿಂಬವು ಜೀರ್ಣವಾದಾಗ ಮಾಡತಕ್ಕ ವಿಧಿಯನ್ನು ಜೀರ್ಣೋದ್ಧಾರಪ್ರಕರಣಗಳಲ್ಲಿ ಹೇಳಿರುವರು. ಈಗ ಜೀರ್ಣೋದ್ಧಾರವೆಂದರೆ ಸುಣ್ಣಬಣ್ಣ, ಕಲ್ಲುಕಟ್ಟಡ ಎಂದಷ್ಟೇ ಅರ್ಥವಾಗಿದೆ. ಗ್ರಂಥಗಳಲ್ಲಿ ಅದರ ಮೊದಲ ಅರ್ಧವು ಹಳೆಯದನ್ನು ತೆಗೆಯುವ ವಿಧಿಯೇ ಆಗಿದೆ. ಸಂಪ್ರದಾಯಭೇದಗಳನ್ನು ಬಿಟ್ಟು ಸಾಮಾನ್ಯಕ್ರಮವನ್ನು ಹೇಳುವುದಾದರೆ: ಮೊದಲು ದೇವತೆಗೆ ಕಾರಣವನ್ನು ಅರಿಕೆಮಾಡಿ ಅನುಜ್ಞೆಯನ್ನು ಪಡೆಯತಕ್ಕದ್ದು. ಬಿಂಬದ ಮುಂದೆ ಜಲಪೂರ್ಣವಾದ ಕುಂಭವನ್ನಿಟ್ಟು ದರ್ಭೆಯ ಕೂರ್ಚದಿಂದ ಎರಡಕ್ಕೂ ಸಂಬಂಧವನ್ನು ಕಲ್ಪಿಸಬೇಕು. ಪ್ರತಿಷ್ಠೆಯಲ್ಲಿ ಯಾವ ಕ್ರಮದಿಂದ ತತ್ತ್ವಗಳನ್ನು ಬಿಂಬದಲ್ಲಿ ನ್ಯಾಸಮಾಡಿದ್ದರೋ ಅದರ ವಿಪರೀತಕ್ರಮದಿಂದ, ಪೃಥಿವಿಯನ್ನು ಅಪ್ಪಿನಲ್ಲಿ, ಅಪ್ಪನ್ನು ತೇಜಸ್ಸಿನಲ್ಲಿ ಲಯಗೊಳಿಸುತ್ತ, ಚೈತನ್ಯವನ್ನು ಕುಂಭಕ್ಕೆ ಕರೆದುಕೊಳ್ಳಬೇಕು. ಆ ಕುಂಭವನ್ನಾಗಲಿ, ಅದರಿಂದ ಆವಾಹಿತವಾದ ಚಿಕ್ಕ ಬಿಂಬವನ್ನಾಗಲಿ ಬಾಲಾಲಯದಲ್ಲಿಟ್ಟು ಹೊಸ ಗುಡಿಯಾಗುವವರೆಗೆ ನಿತ್ಯಪೂಜೆಯನ್ನು ನಡೆಯಿಸಬೇಕು. ಸಾನ್ನಿಧ್ಯಕ್ಕೆ ಒಂದು ದಿನವಾದರೂ ನೆಲೆಯಿಲ್ಲದಂತೆ ಆಗಕೂಡದೆಂಬುದೇ ಇಲ್ಲಿಯ ತಾತ್ಪರ್ಯ.

ಅಗ್ನಿಪುರಾಣದಲ್ಲಿ ಎರಡು ಕಡೆಗಳಲ್ಲಿ ಈ ವಿಧಿ ಬಂದಿದೆ. ಮರದ ಮೂರ್ತಿಯನ್ನು ಬೆಂಕಿಗೆ, ಶಿಲಾಮೂರ್ತಿಯನ್ನು ನೀರಿಗೆ, ಲೋಹದ ಮತ್ತು ರತ್ನದ ಮೂರ್ತಿಗಳನ್ನು ಅಗಾಧವಾದ ಜಲಕ್ಕೆ ಅಥವಾ ಸಮುದ್ರಕ್ಕೆ ಒಪ್ಪಿಸತಕ್ಕದ್ದೆಂದು ಅಲ್ಲಿ ಹೇಳಿದೆ. ವಸ್ತ್ರದಿಂದ ಮುಚ್ಚಿ, ವಾಹನದ ಮೇಲಿಟ್ಟು, ವಾದ್ಯಘೋಷದೊಡನೆ ಒಯ್ಯಬೇಕು. ಜೀರ್ಣಲಿಂಗವನ್ನು ಕೀಳುವಾಗ ಹಗ್ಗವನ್ನು ಎತ್ತಿನ ಹೆಗಲಿಗೆ ಕಟ್ಟಿ ಎಳೆಯಿಸಬೇಕೆಂದಿದೆ. ಶಿವನ ಲಿಂಗವನ್ನು ಶಿವನ ವಾಹನವೇ ಎತ್ತಬೇಕೆಂಬ ಔಚಿತ್ಯವು ಇದ್ದಿರಬಹುದು. ಇವೆಲ್ಲಕ್ಕಿಂತಲೂ ಆ ಪ್ರಕರಣದ ಒಂದು ಪ್ರಾರ್ಥನೆಯು ಹೆಚ್ಚು ವಿಚಾರಾರ್ಹವಾದುದು. ಈ ಜೀರ್ಣಲಿಂಗವನ್ನು ಆಶ್ರಯಿಸಿಕೊಂಡಿರುವ ಸತ್ತ್ವವು ಯಾವುದೇ ಆಗಿರಲಿ, ಶಿವಾಜ್ಞೆಯಿಂದ ಇದನ್ನು ಬಿಟ್ಟು ತನಗಿಷ್ಟವಾದೆಡೆಗೆ ತೆರಳಲಿ ಎಂಬುದು ಅದರ ಅಭಿಪ್ರಾಯ. ದೇವತೆಯು ಬಿಟ್ಟುಹೋದ ಬಿಂಬವು ಬರಿದಾಗಿ ಉಳಿಯುವುದಿಲ್ಲ, ಒಡೆಯನಿಲ್ಲದ ಮನೆಯಂತೆ ಅದಕ್ಕೆ ಬೇರೆಯವರು ಬಂದು ಸೇರುವರು ಎಂಬುದು ಇದರಿಂದ ಏರ್ಪಡುವುದು. ಹಾಳುಗುಡಿಯ ಬಳಿ ಮುಸ್ಸಂಜೆಯಲ್ಲಿ ಸುಳಿಯಬಾರದೆಂದು ನಮ್ಮ ಮಲೆಗಳಲ್ಲಿ ಹೆಂಗಸರು ಮಕ್ಕಳಿಗೆ ಹೇಳುವ ಮಾತನ್ನು ಓದಿದವರು ಮೂಢನಂಬಿಕೆಯೆಂದು ನಗುವುದುಂಟು. ಪುರಾಣವು ಅದನ್ನೇ ಹೇಳುತ್ತಿರುವುದನ್ನು ಅವರು ಅರಿಯರು.

ಆದರೆ ಇದೇ ಪುರಾಣವು ಒಂದು ದೊಡ್ಡ ಅಪವಾದವನ್ನೂ ಹೇಳಿದೆ. ಋಷಿಗಳೋ ಅಸುರರೋ ತಂತ್ರವೇತ್ತರೋ ಸ್ಥಾಪಿಸಿದ ಲಿಂಗವು ಜೀರ್ಣವಾಗಿರಲಿ, ಭಗ್ನವೇ ಆಗಿರಲಿ, ವಿಧಿಪೂರ್ವಕವಾಗಿಯೂ ಅದನ್ನು ಚಲಿಸಬಾರದು. ಕಳಸದ ಕಳಸೇಶ್ವರನನ್ನು ಇಲ್ಲಿ ಉದಾಹರಿಸಬಹುದು. ಪಾರ್ವತೀಕಲ್ಯಾಣಕಾಲದಲ್ಲಿ ಭೂಮಿಯ ಸಮತೋಲನಕ್ಕೋಸ್ಕರ ದಕ್ಷಿಣಕ್ಕೆ ಬಂದ ಅಗಸ್ತ್ಯರ ಸಂಬಂಧವನ್ನು ಆ ಕ್ಷೇತ್ರಕ್ಕೆ ಸ್ಥಳಪುರಾಣವು ಹೇಳುವುದರಿಂದ, ಗುಡಿಯನ್ನು ಎಷ್ಟು ಸಲ ಕಟ್ಟಿದರೂ ಲಿಂಗವನ್ನು ಅಲುಗಿಸುವ ಪ್ರಶ್ನೆಯೇ ಏಳಲಾರದು. ಅರಸರ ಮತವು ಬದಲಾದರೂ ಹಾಗೆಯೇ ನಡೆದುಬಂದಿತು. ಕಳಸ-ಕಾರ್ಕಳದ ಅರಸುಮನೆತನದವರು ಜೈನರು. ಕಾರ್ಕಳದಲ್ಲಿ ೧೪೩೨ರಲ್ಲಿ ಬಾಹುಬಲಿಯನ್ನು ನಿಲ್ಲಿಸಿದ ವಂಶವದು. ಆದರೂ ಕಳಸದ ಶಿವನಿಗೆ ಅವರ ದತ್ತಿಗಳು ನಡೆದುವೆಂದು ಶಾಸನಗಳು ಹೇಳುವುವು. ಕಳಸದ ಸಮೀಪದ ಹೊರನಾಡಿನಲ್ಲಿಯಾದರೋ ೧೯೭೩ರಲ್ಲಿ ಅನ್ನಪೂರ್ಣೇಶ್ವರಿಯ ಪುನಃಪ್ರತಿಷ್ಠೆಯು ನಡೆಯಿತು. ಒಂದೇ ಸೀಮೆಯಲ್ಲಿ ಅಚಲವೂ ಪುನಃಪ್ರತಿಷ್ಠಿತವೂ ಆದ ಎರಡು ಕ್ಷೇತ್ರಗಳು ನೆರೆಹೊರೆಯಾಗಿರುವುವು; ಶಾಸ್ತ್ರಕ್ಕೆ ಎರಡೂ ಸಮ್ಮತವೇ.

ಅಚಲತ್ವದ ಈ ಭಾವನೆಯು ನಮ್ಮಲ್ಲಿ ಮಾತ್ರವೇ ಇದೆಯೆಂದು ತಿಳಿಯಬಾರದು. ಪ್ರಾಚೀನ ರೋಮಿನಲ್ಲಿ ಟಾರ್ಕ್ವಿನ್ ಎಂಬ ಅರಸನು ಕ್ಯಾಪಿಟೋಲಿನ್ ಗುಡ್ಡದ ಮೇಲೆ ಜೂಪಿಟರನಿಗೆ ದೇವಾಲಯವನ್ನು ಕಟ್ಟಬೇಕೆಂದು ಅಲ್ಲಿದ್ದ ಹಳೆಯ ದೇವತೆಗಳ ನೆಲೆಗಳನ್ನು ಶಕುನಜ್ಞರಿಂದ ಬಿಡಿಸಿದನಂತೆ. ಎಲ್ಲ ದೇವತೆಗಳೂ ಒಪ್ಪಿದರು. ಗಡಿಗಲ್ಲಿನ ದೇವತೆಯಾದ ಟರ್ಮಿನಸನು ಮಾತ್ರ ಒಪ್ಪಲಿಲ್ಲ. ಆತನ ಕಲ್ಲನ್ನು ಅಲ್ಲಿಯೇ ಬಿಟ್ಟು ಅದರ ಸುತ್ತ ಗುಡಿಯನ್ನು ಕಟ್ಟಬೇಕಾಯಿತೆಂದು ಲಿವಿಯೇ ಮೊದಲಾದ ಇತಿಹಾಸಕಾರರು ಬರೆದಿರುವರು. ಕ್ಯಾಥೊಲಿಕ್ ಕ್ರೈಸ್ತರ ಧರ್ಮಸಂಹಿತೆಯ ದೃಷ್ಟಿಯು ಬೇರೆ. ೧೯೮೩ರ ಆ ಸಂಹಿತೆಯ ಪ್ರಕಾರ, ಇಗರ್ಜಿಯು ಬಹುಭಾಗ ನಾಶವಾದರೆ, ಅಥವಾ ಬಿಷಪ್ಪನ ಆಜ್ಞೆಯಿಂದಲೋ ವಸ್ತುತಃವೋ ಶಾಶ್ವತವಾಗಿ ಲೌಕಿಕೋಪಯೋಗಕ್ಕೆ ಹೋದರೆ, ಅದರ ಸಮರ್ಪಣವು ತಾನಾಗಿಯೇ ಕಳೆಯುವುದು. ಆದರೂ ಬಿಷಪ್ಪನು ಅದನ್ನು ಬಿಟ್ಟುಕೊಡುವಾಗ ಹೀನವಾದ ಉಪಯೋಗಕ್ಕೆ ಕೊಡಕೂಡದು. ನಮ್ಮ ನೆರೆಯ ಹಾಸನಜಿಲ್ಲೆಯಲ್ಲಿ ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿ ಮಳೆಗಾಲಕ್ಕೊಮ್ಮೆ ಮುಳುಗೇಳುವ ಶೆಟ್ಟಿಹಳ್ಳಿಯ ಇಗರ್ಜಿಯನ್ನು ಕಂಡವರು ಈ ನಿಯಮವನ್ನು ನೆನೆಯಬಹುದು. ಅಲ್ಲಿ ಪಾವಿತ್ರ್ಯವು ಕಟ್ಟಡಕ್ಕೆ ಕೊಟ್ಟ ಒಂದು ಪದವಿ. ಕಟ್ಟಡದೊಡನೆ ಅದು ಅಳಿಯಬಲ್ಲುದು. ನಮ್ಮಲ್ಲಿ ಅದು ಬಂದು ನೆಲಸಿದ ಒಬ್ಬ ವ್ಯಕ್ತಿ. ಮನೆ ಬಿದ್ದಿತೆಂದು ವ್ಯಕ್ತಿಯು ಇಲ್ಲವಾಗುವುದಿಲ್ಲ.

ಹಾಗಾದರೆ ವಿಧಿಯಿಲ್ಲದೆ ಸಾನ್ನಿಧ್ಯವು ಹೋಗುವುದೇ ಇಲ್ಲವೇ? ಹೋಗುವುದುಂಟು. ಕಮಲಾಕರಭಟ್ಟನು ೧೬೧೨ರಲ್ಲಿ ರಚಿಸಿದ ನಿರ್ಣಯಸಿಂಧುವಿನಲ್ಲಿ, ದೇವತೆಗಳು ಬಿಂಬವನ್ನು ತೊರೆಯುವ ಹತ್ತು ಸಂದರ್ಭಗಳನ್ನು ಪುರಾಣವಚನದ ಆಧಾರದಿಂದ ಎಣಿಸಿದೆ: ಬಿಂಬವು ತುಂಡಾದಾಗ, ಒಡೆದಾಗ, ಸುಟ್ಟಾಗ, ಪೀಠದಿಂದ ಕದಲಿದಾಗ, ಅವಮಾನಕ್ಕೊಳಗಾದಾಗ, ಪೂಜೆ ನಿಂತಾಗ, ಪಶುಗಳು ಮುಟ್ಟಿದಾಗ, ದುಷ್ಟಭೂಮಿಯಲ್ಲಿ ಬಿದ್ದಾಗ, ಬೇರೆ ದೇವತೆಯ ಮಂತ್ರದಿಂದ ಪೂಜಿಸಿದಾಗ, ಪತಿತರ ಸ್ಪರ್ಶವಾದಾಗ ಎಂದು. ಕೊನೆಯದನ್ನು ಹಿಂದಿನವರು ಜನ್ಮದಿಂದ ಕೆಳಗಿನವರೆಂದು ತಾವೇ ಎಣಿಸಿದವರಿಗೆಲ್ಲ ಅನ್ವಯಿಸಿ ಮನುಷ್ಯರನ್ನು ಗುಡಿಯ ಹೊರಗಿರಿಸಿದರು. ಸಂವಿಧಾನದ ೧೭ನೆಯ ಅನುಚ್ಛೇದವು ಅಸ್ಪೃಶ್ಯತೆಯನ್ನು ತೆಗೆದುಹಾಕಿದೆ. ಪಾತಿತ್ಯವು ಕರ್ಮದಿಂದಲೇ ಹೊರತು ಜನ್ಮದಿಂದಲ್ಲವೆಂಬುದು ಶಬ್ದಾರ್ಥದಿಂದಲೇ ಸಿದ್ಧವಾಗಿರುವಾಗ, ಈ ವಚನವನ್ನು ಆ ಅರ್ಥದಲ್ಲಿ ಇನ್ನು ಯಾರೂ ಎತ್ತಲಾಗದು. ಉಳಿದ ಒಂಬತ್ತರಲ್ಲಿಯೂ ದೇವತೆಯು ಶಾಶ್ವತವಾಗಿ ಹೊರಟುಹೋದಳೆಂದಲ್ಲ. ಪ್ರೋಕ್ಷಣದಿಂದಲೋ ಪುನಃಪ್ರತಿಷ್ಠೆಯಿಂದಲೋ ಮತ್ತೆ ಕರೆಯಬಹುದೆಂಬುದೇ ಆ ಪ್ರಕರಣದ ಪ್ರಯೋಜನ.

ಇದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ಪ್ರಸಿದ್ಧವಾದ ನಿದರ್ಶನವಿದೆ. ೧೭೯೧ರಲ್ಲಿ, ಮೈಸೂರಿನ ಮೂರನೆಯ ಯುದ್ಧದ ಸಮಯದಲ್ಲಿ, ಪರಶುರಾಮಭಾವುವಿನ ನಾಯಕತ್ವದ ಮರಾಠಾಸೈನ್ಯಕ್ಕೆ ಸೇರಿದ ದಂಡು ಶೃಂಗೇರಿಯ ಮಠವನ್ನು ಸೂರೆಗೊಂಡಿತು. ಹಲವರು ಹತರಾದರು, ಶಾರದೆಯ ಮೂರ್ತಿಯನ್ನು ಪೀಠದಿಂದ ಕದಲಿಸಿದರು, ಆಗಿನ ಸ್ವಾಮಿಗಳಾದ ಸಚ್ಚಿದಾನಂದಭಾರತಿಗಳು ಕಾರ್ಕಳಕ್ಕೆ ಹೋಗಬೇಕಾಯಿತು. ಸ್ವಾಮಿಗಳು ಟಿಪ್ಪುಸುಲ್ತಾನನಿಗೆ ಬರೆದ ಪತ್ರಕ್ಕೆ ಉತ್ತರವಾಗಿ ಸುಲ್ತಾನನು ದೇವಿಯ ಪ್ರತಿಷ್ಠೆಗೆಂದು ೨೦೦ ರಹತಿಗಳನ್ನು ನಗದಾಗಿಯೂ ಬೇಕಾದ ಸಾಮಗ್ರಿಗಳನ್ನು ಬೇರೆಯಾಗಿಯೂ ಕೊಡುವಂತೆ ಬಿದನೂರಿನ ಅಧಿಕಾರಿಗೆ ಆಜ್ಞಾಪಿಸಿದನು. ಕನ್ನಡದಲ್ಲಿರುವ ಈ ಪತ್ರಗಳನ್ನು ಮೈಸೂರು ಪುರಾತತ್ತ್ವ ಇಲಾಖೆಯ ಮುಖ್ಯಾಧಿಕಾರಿಗಳಾಗಿದ್ದ ಆರ್. ನರಸಿಂಹಾಚಾರ್ಯರು ೧೯೧೬ರಲ್ಲಿ ಮಠದಲ್ಲಿ ಕಂಡು ಬೆಳಕಿಗೆ ತಂದರು. ಶಾರದೆಯ ಹೊಸ ಶಿಲಾಮಂದಿರದ ಕುಂಭಾಭಿಷೇಕವು ನಡೆದುದೂ ಅದೇ ವರ್ಷ.

ಈ ಪತ್ರಗಳನ್ನು ರಾಜಕೀಯದೃಷ್ಟಿಯಿಂದ ಅನೇಕರು ಚರ್ಚಿಸಿರುವರು; ಅದು ಇಲ್ಲಿ ಅಪ್ರಸ್ತುತ. ನಮಗೆ ಬೇಕಾದುದು ಇಷ್ಟು: ಮೂರ್ತಿಯು ಕದಲಿತೆಂಬುದನ್ನು ಯಾರೂ ದೇವಿಯು ಅಳಿದಳೆಂದು ತಿಳಿಯಲಿಲ್ಲ. ಸೂರೆಮಾಡಿದವರಿಗೆ ಪೀಠದಿಂದ ಕೀಳುವ ಬಲವಿದ್ದಿತು, ಬೀಳ್ಕೊಡುವ ಅಧಿಕಾರವಿರಲಿಲ್ಲ. ಕದಲಿದ ಬಿಂಬವು ‘ಪೀಠಭ್ರಷ್ಟ’ವೆಂಬ ದೋಷಕ್ಕೆ ಒಳಗಾಯಿತು, ದೋಷಕ್ಕೆ ಪರಿಹಾರವಿದೆ, ಪರಿಹಾರಕ್ಕೆ ಹಣ ಬೇಕು. ಪ್ರತಿಷ್ಠೆಯ ವೆಚ್ಚವನ್ನು ಕೊಟ್ಟವನು ಅನ್ಯಮತೀಯನೆಂಬುದನ್ನು ಮಠವು ಬಾಧಕವೆಂದು ಎಣಿಸಲಿಲ್ಲ. ದ್ರವ್ಯವನ್ನು ಕೊಡುವವನಿಗೂ ಕರ್ಮವನ್ನು ನಡೆಯಿಸುವವನಿಗೂ ಇರುವ ಭೇದವು ಶಾಸ್ತ್ರದಲ್ಲಿ ಸ್ಪಷ್ಟವಾಗಿರುವುದರಿಂದ ಅದರಲ್ಲಿ ಆಶ್ಚರ್ಯವೂ ಇಲ್ಲ.

ಇನ್ನೊಂದು ಮುಖವನ್ನು ನೋಡಬೇಕಾದರೆ ಮೂಡಿಗೆರೆ ತಾಲ್ಲೂಕಿನ ಅಂಗಡಿಗೆ ಹೋಗಬೇಕು. ಶಾಸನಗಳ ಸೊಸೆವೂರು, ಸಂಸ್ಕೃತದ ಶಶಕಪುರ, ಇದೇ. ಹೊಯ್ಸಳವಂಶದ ಮೂಲಪುರುಷನಾದ ಸಳನು ಜೈನಮುನಿಯ ಮಾತಿನಂತೆ ಹುಲಿಯನ್ನು ಹೊಡೆದನೆಂಬ ಕಥೆಯು ಇಲ್ಲಿಯ ವಾಸಂತಿಕಾದೇವಿಯ ಸನ್ನಿಧಿಗೆ ಸೇರಿದುದು. ಬಿ. ಎಲ್. ರೈಸರು ೧೯೦೧ರಲ್ಲಿ ಪ್ರಕಟಿಸಿದ ಕಡೂರುಜಿಲ್ಲೆಯ ಶಾಸನಸಂಪುಟದಲ್ಲಿ ಈ ಊರಿನ ಜೈನಶಾಸನಗಳು ಸೇರಿರುವುವು; ವಿನಯಾದಿತ್ಯನ ಗುರುವಾದ ಶಾಂತಿದೇವನು ೧೦೬೨ರಲ್ಲಿ ಇಲ್ಲಿ ಮುಡಿಪಿದನೆಂದು ಅವುಗಳಲ್ಲೊಂದರಿಂದ ತಿಳಿಯುವುದು. ವಾಸಂತಿಕೆಗೆ, ಜನರ ಬಾಯಲ್ಲಿ ವಸಂತಮ್ಮನಿಗೆ, ಪೂಜೆಯು ಈಗಲೂ ನಡೆಯುತ್ತಿರುವುದು. ಬಸದಿಗಳೂ ಹರಿಹರರ ಕಲ್ಲುಗುಡಿಗಳೂ ಬಹುಕಾಲ ಹಾಳಾಗಿದ್ದುವು. ಅರಸರು ಬೇಲೂರಿಗೂ ದೋರಸಮುದ್ರಕ್ಕೂ ಹೋದಮೇಲೆ ಊರು ಕರಗಿತು. ಊರಿನೊಡನೆ ಪೂಜೆಯೂ ಕರಗಿತು. ಶೃಂಗೇರಿಯಲ್ಲಿ ಆದಂತೆ ಕದಲಿಸಿದವರಿಲ್ಲ. ಜೀರ್ಣೋದ್ಧಾರಪ್ರಕರಣದಲ್ಲಿ ಹೇಳಿದಂತೆ ಬೀಳ್ಕೊಟ್ಟವರ ಕುರುಹೂ ಇಲ್ಲ. ಸುಮ್ಮನೆ ಬಿಟ್ಟುಹೋದರು. ಇಂತಹ ಸ್ಥಳವು ಈಗ ಪವಿತ್ರವೋ ಅಲ್ಲವೋ?

ಜೈನಬಿಂಬಗಳ ವಿಷಯದಲ್ಲಿ ಮೊದಲು ಒಂದು ವಿವೇಕವನ್ನು ಮಾಡಿಕೊಳ್ಳಬೇಕು. ಜಿನನು ಮುಕ್ತನು, ಆತನು ಬಿಂಬಕ್ಕೆ ಇಳಿದುಬರುವನೆಂದು ಜೈನರು ಒಪ್ಪುವುದಿಲ್ಲ. ಪ್ರತಿಷ್ಠೆಯಲ್ಲಿ ಜಿನನ ಗುಣಗಳನ್ನು ಬಿಂಬದಲ್ಲಿ ಆರೋಪಿಸುವರು. ಬಾರದವನನ್ನು ಬೀಳ್ಕೊಡುವುದೆಂತು? ಆದುದರಿಂದ ಆಗಮೋಕ್ತವಾದ ಕಲಾಕರ್ಷಣವನ್ನು ಬಸದಿಗೆ ಅನ್ವಯಿಸಹೋಗುವುದು ಸಿದ್ಧಾಂತವಿರುದ್ಧ. ಅಲ್ಲಿ ಪ್ರಶ್ನೆಯು ಬಿಂಬವು ಪೂಜ್ಯವೋ ಅಪೂಜ್ಯವೋ ಎಂಬುದಷ್ಟೆ. ಖಂಡಿತಬಿಂಬವು ಸಾಮಾನ್ಯವಾಗಿ ಅಪೂಜ್ಯವೆಂದು ನಿಯಮ. ಆದರೆ ೧೪ನೆಯ ಶತಮಾನದ ಆದಿಭಾಗದಲ್ಲಿದ್ದ ಜೈನಪಂಡಿತನಾದ ಠಕ್ಕುರ ಫೇರುವು ತನ್ನ ವಾಸ್ತುಸಾರದಲ್ಲಿ, ನೂರು ವರ್ಷಗಳಿಗಿಂತ ಹಿಂದೆ ಮಹಾಪುರುಷರು ಸ್ಥಾಪಿಸಿದ ಬಿಂಬವು ವಿಕಲಾಂಗವಾದರೂ ಪೂಜ್ಯವೇ ಎಂದು ವಿಧಿಸಿರುವನು. ರೂಪಮಂಡನವೇ ಮೊದಲಾದ ಶಿಲ್ಪಗ್ರಂಥಗಳಲ್ಲಿಯೂ ಇದೇ ಮಾತು ಬಂದಿರುವುದರಿಂದ ಇದು ಒಂದು ಮತದ ಕಟ್ಟುಪಾಡಲ್ಲ. ನೂರು ವರ್ಷವೆಂಬ ಈ ಮಿತಿಯನ್ನು ನಮ್ಮವರು ಮರೆತಿರುವುದು ಶೋಚನೀಯ. ಮೂಗು ಮುರಿದಿದೆ, ಕೈ ಹೋಗಿದೆ ಎಂದು ಒಂಬತ್ತು ನೂರು ವರ್ಷದ ಮೂರ್ತಿಯನ್ನು ಹೊಳೆಗೆ ಹಾಕಲು ಹೊರಡುವವರಿಗೆ ಶಾಸ್ತ್ರವು ಬೆಂಬಲವಾಗಿ ನಿಲ್ಲುವುದಿಲ್ಲ.

ಹರಿಹರರ ಗ್ರಾಮದೇಗುಲಗಳ ವಿಷಯದಲ್ಲಿ ‘ಪೂಜೆ ನಿಂತಾಗ’ ಎಂಬ ನಿರ್ಣಯಸಿಂಧುವಿನ ವಚನವು ಅನ್ವಯಿಸುವುದರಿಂದ ಸಾನ್ನಿಧ್ಯವಿಲ್ಲವೆಂದು ಒಬ್ಬರು ವಾದಿಸಬಹುದು. ಸರಿಯೇ. ಆದರೆ ಸಾನ್ನಿಧ್ಯವಿಲ್ಲದಿರುವುದು ಬೇರೆ, ಸ್ವಾಮಿತ್ವವಿಲ್ಲದಿರುವುದು ಬೇರೆ. ಯಜಮಾನನು ಊರಿನಲ್ಲಿಲ್ಲವೆಂದು ಮನೆಯು ಪರರದಾಗುವುದಿಲ್ಲವಷ್ಟೆ. ಈ ತತ್ತ್ವವನ್ನು ಲಂಡನ್ನಿನ ನ್ಯಾಯಾಲಯವೊಂದು ಒಪ್ಪಿದ ಸಂಗತಿಯು ಸ್ವಾರಸ್ಯವಾಗಿದೆ. ತಂಜಾವೂರು ಸೀಮೆಯ ಪಾತೂರಿನ ಹಾಳುಶಿವಾಲಯದ ಬಳಿ ೧೯೭೬ರಲ್ಲಿ ಅಗೆಯುವಾಗ ಹೂಳಿಟ್ಟ ಕಂಚಿನ ಮೂರ್ತಿಗಳು ದೊರೆತುವು. ಅವುಗಳಲ್ಲಿ ಒಂದಾದ ನಟರಾಜನು ಕೈಯಿಂದ ಕೈಗೆ ಮಾರಾಟವಾಗಿ ಇಂಗ್ಲೆಂಡಿಗೆ ಹೋದನು. ೧೯೮೮ರಲ್ಲಿ ಕೆಳಗಿನ ನ್ಯಾಯಾಲಯವೂ ೧೯೯೧ರಲ್ಲಿ ಮೇಲಿನ ನ್ಯಾಯಾಲಯವೂ ವಾದಿಯಾಗಿ ಬಂದ ದೇವಾಲಯದ ಹಕ್ಕನ್ನು ಮಾನ್ಯಮಾಡಿದುವು. ಗುಡಿಯು ಶತಮಾನಗಳಿಂದ ಹಾಳಾಗಿದ್ದಿತೆಂಬುದು ಅದಕ್ಕೆ ಅಡ್ಡಿಯಾಗಲಿಲ್ಲ. ಮೂರ್ತಿಗಳನ್ನು ಹೂಳಿಟ್ಟುದೂ ಅಶಾಸ್ತ್ರೀಯವಲ್ಲ. ಶತ್ರುಭಯ ಚೋರಭಯಗಳು ಒದಗಿದಾಗ ಶಕ್ತಿಯನ್ನು ಬೇರೆಡೆಗೆ ಆವಾಹನೆಮಾಡಿ ಲೋಹಬಿಂಬಗಳನ್ನು ಭೂಮಿಯಲ್ಲಿ ಮರೆಮಾಡತಕ್ಕ ವಿಧಿಯನ್ನು ವೈಖಾನಸರ ವಿಮಾನಾರ್ಚನಾಕಲ್ಪವು ವಿವರವಾಗಿಯೇ ಹೇಳಿದೆ. ನಮ್ಮ ದೇಶದ ೧೯೫೮ರ ಪ್ರಾಚೀನ ಸ್ಮಾರಕಗಳ ಕಾಯಿದೆಯೂ, ರಕ್ಷಿತಸ್ಮಾರಕವು ಪೂಜಾಸ್ಥಾನವಾಗಿದ್ದಲ್ಲಿ ಅದರ ಸ್ವರೂಪಕ್ಕೆ ಹೊಂದದ ಯಾವ ಕಾರ್ಯಕ್ಕೂ ಅದನ್ನು ಉಪಯೋಗಿಸಬಾರದೆನ್ನುವುದು.

ಇನ್ನು ಕಾಫಿತೋಟಗಳ ಒಳಗಿನ ಕಲ್ಲುಗಳ ಮಾತು. ೧೯ನೆಯ ಶತಮಾನದ ಮಧ್ಯದಿಂದ ಈ ಮಲೆಗಳಲ್ಲಿ ಕಾಡು ಕಡಿದು ತೋಟಗಳನ್ನು ಹಬ್ಬಿಸಿದಾಗ ಬನಗಳು ಮರವಿಲ್ಲದ ಬನಗಳಾದುವು. ಚೌಡಿ, ಭೂತರಾಯ, ಪಂಜುರ್ಲಿ, ನಾಗ ಇವರ ನೆಲೆಗಳು ಗಿಡಗಳ ನಡುವೆ ಉಳಿದುವು. ತೋಟವನ್ನು ಕೊಂಡವನು ಮರ, ಮನೆ, ಕಣಗಳನ್ನು ಕ್ರಯಪತ್ರದಲ್ಲಿ ಬರೆಯಿಸಿಕೊಳ್ಳುವನು. ಚೌಡಿಯನ್ನು ಬರೆಯಿಸಿಕೊಳ್ಳುವ ಅಂಕಣವು ಕ್ರಯಪತ್ರದಲ್ಲಿಲ್ಲ. ಆದರೂ ವರ್ಷಕ್ಕೊಮ್ಮೆ ಹಣ್ಣುಕಾಯಿಯನ್ನೋ ಕೋಳಿಯನ್ನೋ ಕೊಡುವ ಭಾರವು ನೆಲದೊಡನೆಯೇ ಹೊಸಬನಿಗೆ ಬರುವುದೆಂದು ಆಳುಗಳು ಮೊದಲನೆಯ ವರ್ಷದಲ್ಲಿಯೇ ತಿಳಿಸುವರು. ಹೊಸಬನು ಒಪ್ಪಿದರೆ ಸರಿ. ಇಲ್ಲದಿದ್ದರೆ ಪ್ರಶ್ನೆಯನ್ನು ಇಡಿಸಿ, ದೈವವನ್ನು ಕಲಶಕ್ಕೆ ಕರೆದು, ತೋಟದ ಅಂಚಿನಲ್ಲೋ ಊರಿನ ಗುಡಿಯ ಬಳಿಯಲ್ಲೋ ನೆಲೆಗೊಳಿಸುವ ಪದ್ಧತಿಯುಂಟು. ಸಂಸ್ಕೃತದ ಒಂದು ಅಕ್ಷರವನ್ನೂ ಅರಿಯದ ಪಾತ್ರಿಯು ಮಾಡುವ ಈ ಕರ್ಮಕ್ಕೂ ತಂತ್ರಿಯು ಮಾಡುವ ಕಲಾಕರ್ಷಣಕ್ಕೂ ಅಂಗಗಳಲ್ಲಿ ಭೇದವಿದ್ದರೂ ತತ್ತ್ವದಲ್ಲಿ ಭೇದವಿಲ್ಲ: ಅರಿಕೆ, ಒಪ್ಪಿಗೆ, ಕಲಶ, ಹೊಸ ನೆಲೆ. ಒಪ್ಪಿಗೆ ದೊರೆಯದಿದ್ದರೆ ರಸ್ತೆಯನ್ನೇ ಬಳಸಿ ತೆಗೆಯುವರು. ರೋಮಿನ ಅರಸನು ಮಾಡಿದುದೂ ಅದನ್ನೇ.

ಆದರೆ ಈಚೆಗೆ ಈ ಹಳ್ಳಿಯ ಪದ್ಧತಿಯನ್ನು ಬಿಟ್ಟು ಗುಡಿಕಟ್ಟುವ ಉತ್ಸಾಹದಲ್ಲಿ ಹಳೆಯ ಕಲ್ಲುಗಳನ್ನೆಲ್ಲ ಒಟ್ಟಿಗೆ ಭದ್ರೆಗೋ ಹೇಮಾವತಿಗೋ ಒಪ್ಪಿಸಿಬಿಡುವ ಅಭ್ಯಾಸವು ತಲೆದೋರುತ್ತಿದೆ. ಅಗ್ನಿಪುರಾಣವು ನೀರಿಗೆ ಬಿಡತಕ್ಕದ್ದೆಂದುದು ಪ್ರತಿಷ್ಠಿತವಾಗಿ ಪೂಜೆಗೊಂಡು ಜೀರ್ಣವಾದ ಮೂಲಬಿಂಬವನ್ನು ಮಾತ್ರ. ವೀರಗಲ್ಲು, ಮಾಸ್ತಿಕಲ್ಲು, ನಿಸಿದಿಗಲ್ಲು, ದತ್ತಿಯನ್ನು ಬರೆದ ಶಾಸನಶಿಲೆ, ಕಂಭ, ಬಾಗಿಲವಾಡ ಇವುಗಳಿಗೆ ಬಿಂಬತ್ವವಿಲ್ಲ, ನ್ಯಾಸವಾಗದುದಕ್ಕೆ ಸಂಕೋಚವಿಲ್ಲ, ಸಂಕೋಚವಿಲ್ಲದುದಕ್ಕೆ ಜಲಾಧಿವಾಸವೂ ಇಲ್ಲ. ದತ್ತಿಶಾಸನವನ್ನು ಮುಳುಗಿಸುವವನು ದತ್ತಾಪಹಾರಕ್ಕೆ ಸಮಾನವಾದ ಕೆಲಸವನ್ನು ಮಾಡುವನೆಂದು ನಾನು ಹೇಳುವೆನು. ಏಕೆಂದರೆ ಕೊಟ್ಟವನ ಸಾಕ್ಷಿಯು ಆ ಕಲ್ಲೊಂದೇ. ಬಿಂಬದಲ್ಲಿಯೂ ಸಣ್ಣ ಅಂಗಗಳು ಮಾತ್ರ ಮುರಿದಿದ್ದರೆ ಸರಿಮಾಡಬಹುದೆಂದೂ, ಮಹಾಂಗಗಳು ಹೋದಾಗಲೇ ತ್ಯಾಗವೆಂದೂ ಮಯಮತವೇ ಮೊದಲಾದ ಶಿಲ್ಪಗ್ರಂಥಗಳು ಭೇದವನ್ನು ಕಲ್ಪಿಸಿರುವುವು.

ಪುಸ್ತಕಗಳಿಗೂ ಇದೇ ಗತಿಯು ಒದಗಿದುದನ್ನು ಇಲ್ಲಿ ಹೇಳದೆ ಇರಲಾಗದು. ಓಲೆಯ ಗ್ರಂಥವು ಹುಳುಹಿಡಿದರೆ ನದಿಗೆ ಬಿಡುವುದೋ ಅಗ್ನಿಗೆ ಅರ್ಪಿಸುವುದೋ ಪುಣ್ಯವೆಂಬ ಭಾವನೆಯು ದಕ್ಷಿಣದೇಶದಲ್ಲೆಲ್ಲ ಹಬ್ಬಿದ್ದಿತು. ತಮಿಳುನಾಡಿನ ಕರಿವಲಂವಂದನಲ್ಲೂರಿನ ದೇವಾಲಯದಲ್ಲಿ ಹಳೆಯ ಓಲೆಗಳನ್ನು ಶಾಸ್ತ್ರವೆಂದು ಹೇಳಿ ಬೆಂಕಿಗೆ ಹಾಕಿದುದನ್ನು ಮಹಾಮಹೋಪಾಧ್ಯಾಯ ಉ. ವೇ. ಸ್ವಾಮಿನಾಥ ಅಯ್ಯರವರು ವ್ಯಥೆಯಿಂದ ಬರೆದಿರುವರು. ಇದಕ್ಕೆ ವಿರುದ್ಧವಾದ ಉದಾಹರಣೆಯೂ ನಮ್ಮ ಮೈಸೂರಿನದೇ ಆಗಿದೆ. ತಂಜಾವೂರು ಸೀಮೆಯ ಪಂಡಿತರೊಬ್ಬರು ಮೈಸೂರಿನ ಪ್ರಾಚ್ಯಕೋಶಾಗಾರಕ್ಕೆ ಒಪ್ಪಿಸಿದ ಓಲೆಗಳಿಂದಲೇ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ೧೯೦೯ರಲ್ಲಿ ಪ್ರಕಟಿಸಿದರು. ಆ ಪಂಡಿತರು ಅದನ್ನು ಕಾವೇರಿಗೆ ಬಿಟ್ಟಿದ್ದರೆ?

ಗ್ರಂಥವನ್ನು ನೀರಿಗೆ ಬಿಡಬೇಕೆನ್ನುವವರಿಗೆ ಶಾಸ್ತ್ರದಿಂದಲೇ ಉತ್ತರವನ್ನು ಹೇಳಬಹುದು. ನವರಾತ್ರಿಯಲ್ಲಿ ಮೂಲಾನಕ್ಷತ್ರದ ದಿನ ಪುಸ್ತಕಗಳಲ್ಲಿ ಸರಸ್ವತಿಯನ್ನು ಆವಾಹನೆಮಾಡುವರು. ಶ್ರವಣದ ದಿನ ವಿಸರ್ಜನವನ್ನು ಮಾಡುವರು. ವಿಸರ್ಜನವಾದ ಮೇಲೆ ಪುಸ್ತಕವನ್ನು ಬಿಚ್ಚಿ ಓದಲೇಬೇಕೆಂಬುದು ಶಿಷ್ಟಾಚಾರ. ವರ್ಷವರ್ಷವೂ ಉದ್ವಾಸನಗೊಂಡ ವಸ್ತುವಿಗೆ ಇನ್ನೊಂದು ಅಂತ್ಯಕರ್ಮವೆಲ್ಲಿಯದು? ಅದು ಓದತಕ್ಕ ವಸ್ತು. ಓದಲಾಗದಷ್ಟು ಸವೆದಿದ್ದರೆ ಪ್ರತಿಮಾಡಿಸತಕ್ಕ ವಸ್ತು. ಮಲೆನಾಡಿನ ಮನೆಗಳ ಅಟ್ಟದ ಮೇಲೆ ಹೊಗೆಗೆ ಕಟ್ಟಿಟ್ಟ ಓಲೆಗಳೂ ಕಡತಗಳೂ ಇರುವಲ್ಲಿ ಮನೆಯನ್ನು ಕೆಡವುವ ಮುಂಚೆ ಅವುಗಳನ್ನು ಬಲ್ಲವರಿಗೆ ತೋರಿಸುವುದರಲ್ಲಿ ಯಾವ ದೋಷವೂ ಇಲ್ಲ.

ಇನ್ನು ಗುಡಿಯನ್ನು ಹೊಸದಾಗಿ ಕಟ್ಟಿಸುವವರಿಗೆ ಕ್ರಮವನ್ನು ಹೇಳುವುದಾದರೆ, ಅನುಜ್ಞೆಯನ್ನು ಪಡೆಯುವ ಮುಂಚೆಯೇ ಸ್ಥಳದಲ್ಲಿರುವ ಎಲ್ಲ ಕಲ್ಲುಗಳನ್ನೂ ಎಣಿಸಿ, ಅಕ್ಷರವಿರುವುವನ್ನು ಪ್ರತ್ಯೇಕಿಸಿ, ಅಚ್ಚುಮಾಡಿಸಬೇಕು. ಈಗ ಛಾಯಾಚಿತ್ರವನ್ನು ತೆಗೆಯುವುದು ಯಾರಿಗೂ ಕಷ್ಟವಲ್ಲ. ಕಲಾಕರ್ಷಣವಾದ ಮೇಲೆ ಹಳೆಯ ಬಿಂಬವು ನೂರು ವರ್ಷ ಮೀರಿದ್ದರೆ ಹೊಸ ಗುಡಿಯ ಪ್ರಾಕಾರದಲ್ಲಿ ಮಾಡುಕಟ್ಟಿ ಇರಿಸಬೇಕು. ರಕ್ಷಿತಸ್ಥಳವಾದರೆ ಪುರಾತತ್ತ್ವ ಇಲಾಖೆಯವರಿಗೆ ತಿಳಿಸದೆ ಒಂದು ಕಲ್ಲನ್ನೂ ಎತ್ತಬಾರದು. ಮಾಡು ಕಟ್ಟಿದಮೇಲೆ ಅಲ್ಲಿ ದಿನಕ್ಕೊಂದು ಹೂವನ್ನಿಡುವ ಮುದುಕಿಯನ್ನು ‘ಅಲ್ಲಿ ದೇವರಿಲ್ಲ’ ಎಂದು ಅರ್ಚಕರು ತಡೆಯುವುದನ್ನು ಕಂಡಿರುವೆನು. ತಡೆಯತಕ್ಕ ಕಾರಣವು ನನಗೆ ಯಾವ ಗ್ರಂಥದಲ್ಲಿಯೂ ದೊರೆತಿಲ್ಲ.